ಗೂಢಲಿಪಿ ಮತ್ತು ಹಿತ್ತಿಲ ಬಾಗಿಲು: ರಹಸ್ಯಭೇದನದ ಚರಿತ್ರೆಯ ಕೆಲವು ಪುಟಗಳು

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಕಥೆ ನಿಂತಿರುವುದು ಒಂದು ಉಂಗುರದ ಮೇಲೆ. ನಂದರ ಅಮಾತ್ಯನಾಗಿದ್ದ ರಾಕ್ಷಸನು ಪಾಟಲೀಪುತ್ರವನ್ನು ತೊರೆಯುವಾಗ ತನ್ನ ಕುಟುಂಬವನ್ನು ಚಂದನದಾಸನೆಂಬ ರತ್ನವ್ಯಾಪಾರಿಯ ಮನೆಯಲ್ಲಿ ಬಿಟ್ಟಿರುತ್ತಾನೆ. ಅವನ ಮುದ್ರೆಯುಂಗುರ ಪತ್ನಿಯ ಬೆರಳಿನಲ್ಲಿರುತ್ತದೆ. ಹೊರಗೆ ಓಡಿಬಂದ ಮಗುವನ್ನು ಒಳಕ್ಕೆಳೆದುಕೊಳ್ಳುವ ಗಡಿಬಿಡಿಯಲ್ಲಿ ಆ ಉಂಗುರ ಜಾರಿ ಹೊಸಿಲಾಚೆ ಉರುಳುತ್ತದೆ. ಯಮಪಟ ತೋರಿಸುವವನ ವೇಷದಲ್ಲಿ ಅಲ್ಲಿಗೆ ಬಂದಿದ್ದ ಚಾಣಕ್ಯನ ಚರನ ಕೈಸೇರುತ್ತದೆ. ಚಾಣಕ್ಯನು ರಾಕ್ಷಸನ ಆಪ್ತನಾದ ಶಕಟದಾಸನಿಂದಲೇ, ಅವನಿಗೆ ಉದ್ದೇಶ ತಿಳಿಯದಂತೆ, ಒಂದು ಪತ್ರವನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತಿಸುತ್ತಾನೆ. ಆ ಪತ್ರ ಮಲಯಕೇತುವಿನ ಪಾಳೆಯದಲ್ಲಿ ‘ಸಿಕ್ಕಿಬಿದ್ದಾಗ’ ರಾಕ್ಷಸನ ಮೇಲಿನ ನಂಬಿಕೆಯೆಲ್ಲ ಕುಸಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ರಚಿಸಿ ಈ ಕಥೆಗೆ ಕನ್ನಡ ಗದ್ಯದ ಮೈಕೊಟ್ಟದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಯೇ ಆಗಿದೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಚಾಣಕ್ಯನು ಮುದ್ರೆಯನ್ನು ನಕಲು ಮಾಡಲಿಲ್ಲ, ಹಸ್ತಾಕ್ಷರವನ್ನು ಅನುಕರಿಸಲೂ ಇಲ್ಲ. ಮುದ್ರೆ ನಿಜವಾದುದು, ಅಕ್ಷರವೂ ನಿಜವಾದುದು. ಅವೆರಡನ್ನು ಕೂಡಿಸಿದ ಸಂದರ್ಭ ಮಾತ್ರ ಕೃತಕ. ಮುದ್ರೆಯ ಮೇಲೆ ಲೋಕಕ್ಕಿದ್ದ ವಿಶ್ವಾಸವನ್ನೇ ಅವನು ಆಯುಧವಾಗಿ ಬಳಸಿಕೊಂಡ. ರಹಸ್ಯಲೇಖನದ ಚರಿತ್ರೆಯನ್ನು ಓದುತ್ತ ಹೋದಂತೆ ಇದೇ ನೀತಿ ದೇಶಕಾಲಗಳನ್ನು ಮೀರಿ ಮತ್ತೆ ಮತ್ತೆ ಎದುರಾಗುತ್ತದೆ. ಗೂಢಲಿಪಿಯನ್ನು ಅದರ ಗಣಿತದ ಬಲದಲ್ಲಿ ಎದುರಿಸಿ ಗೆದ್ದವರಿಗಿಂತ, ಅದನ್ನು ನಂಬಿ ಮೈಮರೆತವರ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕವರೇ ಹೆಚ್ಚು.

ಲಿಪಿ ಮತ್ತು ಕೀಲಿ

ಗೂಢಲೇಖನ ಭಾರತಕ್ಕೆ ಹೊಸತಲ್ಲ. ವಾತ್ಸ್ಯಾಯನನು ‘ಕಾಮಸೂತ್ರ’ದಲ್ಲಿ ಹೇಳುವ 64 ಕಲೆಗಳಲ್ಲಿ ‘ಮ್ಲೇಚ್ಛಿತವಿಕಲ್ಪ’ವೂ ಒಂದು. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಚರರು ಸುದ್ದಿ ಕಳುಹಿಸಲು ಬಳಸಬೇಕಾದ ಸಂಜ್ಞಾಲಿಪಿಯನ್ನು ಉಲ್ಲೇಖಿಸುತ್ತದೆ. ಅಕ್ಷರಕ್ಕೆ ಬದಲಾಗಿ ಅಕ್ಷರವನ್ನೋ ಚಿಹ್ನೆಯನ್ನೋ ಇಡುವುದೇ ಇಂತಹ ಪ್ರಾಚೀನ ವಿಧಾನಗಳ ತಿರುಳು.

ಇಂತಹ ಆದೇಶಲಿಪಿಯನ್ನು ಭೇದಿಸುವ ಶಾಸ್ತ್ರೀಯ ಮಾರ್ಗವನ್ನು 9ನೆಯ ಶತಮಾನದ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ವಿವರಿಸಿದ. ಪ್ರತಿಯೊಂದು ಭಾಷೆಯಲ್ಲಿಯೂ ಕೆಲವು ಅಕ್ಷರಗಳು ಹೆಚ್ಚಾಗಿ, ಕೆಲವು ವಿರಳವಾಗಿ ಬರುತ್ತವೆ. ಗೂಢಪಾಠದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬಂದಿದೆಯೆಂದು ಎಣಿಸಿ, ಭಾಷೆಯ ಸಹಜ ಪ್ರಮಾಣದೊಡನೆ ಹೋಲಿಸಿದರೆ ಮುಸುಕು ಸರಿಯತೊಡಗುತ್ತದೆ. ಇದು ಲಿಪಿಯನ್ನೇ ಎದುರಿಸಿ ಗೆಲ್ಲುವ ದಾರಿ. ಮುಂದಿನ ಶತಮಾನಗಳಲ್ಲಿ ಗೂಢಲಿಪಿಕಾರರು ಈ ಎಣಿಕೆಯನ್ನು ದಿಕ್ಕುತಪ್ಪಿಸಲು ಒಂದೇ ಅಕ್ಷರಕ್ಕೆ ಹಲವು ಚಿಹ್ನೆ, ಅರ್ಥವಿಲ್ಲದ ಹುಸಿಚಿಹ್ನೆ, ಇಡೀ ಪದಕ್ಕೆ ಒಂದೇ ಗುರುತು ಮುಂತಾದ ಉಪಾಯಗಳನ್ನು ಸೇರಿಸುತ್ತ ಹೋದರು.

1883ರಲ್ಲಿ ಪ್ಯಾರಿಸಿನಲ್ಲಿದ್ದ ಭಾಷಾಧ್ಯಾಪಕ ಆಗಸ್ಟ್ ಕೆರ್ಕ್‌ಹಾಫ್ಸ್ ಒಂದು ಸೂತ್ರವನ್ನು ಮುಂದಿಟ್ಟ. ಗೂಢಲಿಪಿಯ ವಿಧಾನವೆಲ್ಲ ಶತ್ರುವಿಗೆ ತಿಳಿದರೂ, ಕೀಲಿಯೊಂದು ಗುಟ್ಟಾಗಿರುವವರೆಗೆ ಸಂದೇಶ ಸುರಕ್ಷಿತವಾಗಿರಬೇಕು ಎಂಬುದು ಅದರ ಸಾರ. ಇಂದಿನ ದತ್ತಾಂಶ ಗೂಢೀಕರಣವೆಲ್ಲ ಈ ತತ್ತ್ವದ ಮೇಲೆಯೇ ನಿಂತಿದೆ. 2001ರಲ್ಲಿ ಅಮೆರಿಕ ಅಂಗೀಕರಿಸಿದ, ಈಗ ಜಗತ್ತಿನ ಬ್ಯಾಂಕುಗಳೂ ದೂರವಾಣಿಗಳೂ ಬಳಸುವ ‘ಎಇಎಸ್’ ವಿಧಾನದಲ್ಲಿ ಬಚ್ಚಿಟ್ಟದ್ದೇನೂ ಇಲ್ಲ. ಯಾರು ಬೇಕಾದರೂ ಅದನ್ನು ಓದಬಹುದು. ಆದರೆ ಅದರ ಅತಿ ಚಿಕ್ಕ ಕೀಲಿಗೂ ಇರುವ ಸಾಧ್ಯತೆಗಳ ಸಂಖ್ಯೆ 39 ಅಂಕಿಗಳಷ್ಟು ಉದ್ದದ್ದು. ಒಂದೊಂದಾಗಿ ಪರೀಕ್ಷಿಸಿ ಮುಗಿಸಲು ಯಾವ ಯಂತ್ರಕ್ಕೂ ಕಾಲ ಸಾಲದು.

ಈ ಸೂತ್ರಕ್ಕೆ ಇನ್ನೊಂದು ಮುಖವೂ ಇದೆ. ಗುಟ್ಟೆಲ್ಲವೂ ಕೀಲಿಯಲ್ಲಿಯೇ ಅಡಗಿರುವುದಾದರೆ ಆಕ್ರಮಣಕಾರನು ಲಿಪಿಯೊಡನೆ ಏಕೆ ಸೆಣಸಬೇಕು? ಕೀಲಿ ಯಾರ ಬಳಿ ಇದೆ, ಅವನು ಅದನ್ನು ಎಲ್ಲಿಡುತ್ತಾನೆ, ಸಂದೇಶ ಗೂಢವಾಗುವ ಮೊದಲು ಮತ್ತು ಬಿಡಿಸಿದ ಬಳಿಕ ಯಾರ ಕಣ್ಣಮುಂದೆ ಇರುತ್ತದೆ ಎಂಬುದನ್ನು ತಿಳಿದರೆ ಸಾಕಲ್ಲವೆ? ಚಾಪೆಯ ಕೆಳಗೆ ತೂರುವವನಿದ್ದರೆ ರಂಗೋಲಿಯ ಕೆಳಗೆ ತೂರುವವನೂ ಇದ್ದೇ ಇರುತ್ತಾನೆ.

ರಾಣಿ ಮೇರಿಯ ಪತ್ರಗಳು

ಈ ಮಾತಿಗೆ ಚರಿತ್ರೆಯಲ್ಲಿ ದೊರೆಯುವ ಅತ್ಯಂತ ದಾರುಣ ನಿದರ್ಶನ ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟಳದು. 1567ರಲ್ಲಿ ಸಿಂಹಾಸನವನ್ನು ಕಳೆದುಕೊಂಡು ಮರುವರ್ಷ ಇಂಗ್ಲೆಂಡಿಗೆ ಓಡಿಬಂದ ಅವಳನ್ನು ರಾಣಿ ಎಲಿಜಬೆತ್ ಸೆರೆಯಲ್ಲಿಟ್ಟಳು. ಆ ಸೆರೆ ಸುಮಾರು 19 ವರ್ಷ ನಡೆಯಿತು. ಕ್ಯಾಥೊಲಿಕ್ ಮತದವಳಾದ, ಇಂಗ್ಲೆಂಡಿನ ಸಿಂಹಾಸನಕ್ಕೂ ಹಕ್ಕು ಹೇಳಬಲ್ಲವಳಾದ ಮೇರಿಗೆ ಹೊರಲೋಕದೊಡನೆ ಉಳಿದ ಒಂದೇ ಸಂಪರ್ಕವೆಂದರೆ ಗೂಢಲಿಪಿಯ ಪತ್ರಗಳು.

2023ರಲ್ಲಿ ಜಾರ್ಜ್ ಲಾಸ್ರಿ, ನಾರ್ಬರ್ಟ್ ಬಿಯರ್ಮನ್, ಸತೋಶಿ ತೊಮೊಕಿಯೊ ಎಂಬ ಮೂವರು ಸಂಶೋಧಕರು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಕೆಲವು ಗೂಢಲೇಖಗಳನ್ನು ಬಿಡಿಸಿದರು. ಇಟಲಿಗೆ ಸಂಬಂಧಿಸಿದ ಕಾಗದಗಳೆಂದು ಪಟ್ಟಿಯಲ್ಲಿ ನಮೂದಾಗಿದ್ದ ಅವು ವಾಸ್ತವವಾಗಿ ಮೇರಿಯು 1578ರಿಂದ 1584ರ ಅವಧಿಯಲ್ಲಿ ಬರೆದ ಐವತ್ತಕ್ಕೂ ಹೆಚ್ಚು ಪತ್ರಗಳೆಂದೂ, ಅವುಗಳಲ್ಲಿ ಬಹುಪಾಲು ಲಂಡನ್ನಿನ ಫ್ರೆಂಚ್ ರಾಯಭಾರಿ ಕ್ಯಾಸ್ಟೆಲ್ನೋನಿಗೆ ಬರೆದವೆಂದೂ ತಿಳಿದುಬಂದಿತು. ಬಿಡಿಸಲು ಗಣಕದ ನೆರವೂ ದೀರ್ಘ ಶ್ರಮವೂ ಬೇಕಾದ ಲಿಪಿ ಅದು. ಆದರೆ ಆ ಪತ್ರಗಳಲ್ಲಿ ಕೆಲವಕ್ಕೆ ಬಿಡಿಸಿದ ಪಾಠವೇ ಇಂಗ್ಲೆಂಡಿನ ದಫ್ತರಗಳಲ್ಲಿ ಆಗಲೇ ಇತ್ತು. ಎಲಿಜಬೆತ್‌ಳ ಕಾರ್ಯದರ್ಶಿಯೂ ಬೇಹುಗಾರಿಕೆಯ ಸೂತ್ರಧಾರನೂ ಆದ ಫ್ರಾನ್ಸಿಸ್ ವಾಲ್ಸಿಂಗ್ಯಾಮ್‌ಗೆ ರಾಯಭಾರಿಯ ಮನೆಯೊಳಗೇ ಒಬ್ಬ ಗೂಢಚಾರನಿದ್ದ. ಗೂಢಲಿಪಿ ಅಭೇದ್ಯವಾಗಿಯೇ ಉಳಿಯಿತು. ಬಿಡಿಸಿ ಮೇಜಿನ ಮೇಲಿಟ್ಟ ಹಾಳೆಯ ಪ್ರತಿ ಮಾತ್ರ ಶತ್ರುವಿನ ಕೈಗೆ ಹೋಯಿತು. ನಾಲ್ಕು ಶತಮಾನಗಳ ನಂತರ ವಿದ್ವಾಂಸರು ಶ್ರಮದಿಂದ ಸಾಧಿಸಿದ್ದನ್ನು ಅಂದು ಮನೆಯೊಳಗಿನ ಒಂದು ಕೈ ಸುಲಭವಾಗಿ ಸಾಧಿಸಿತ್ತು.

1585ರ ಕೊನೆಯಲ್ಲಿ ಮೇರಿಯನ್ನು ಚಾರ್ಟ್ಲಿ ಎಂಬಲ್ಲಿಗೆ ಕರೆತರಲಾಯಿತು. ಅಲ್ಲಿನ ಕಾವಲಿನ ಮುಖ್ಯಸ್ಥ ಏಮಿಯಾಸ್ ಪೌಲೆಟ್ ಕಠಿಣ ಸ್ವಭಾವದವನು. ಪತ್ರವ್ಯವಹಾರ ಸಂಪೂರ್ಣ ನಿಂತುಹೋಗಿತ್ತು. ಇಂತಹ ಹೊತ್ತಿನಲ್ಲಿ ಗಿಲ್ಬರ್ಟ್ ಗಿಫರ್ಡ್ ಎಂಬವನು ಹೊಸ ದಾರಿಯೊಂದನ್ನು ಹುಡುಕಿಕೊಟ್ಟ. ಬರ್ಟನ್ ಪಟ್ಟಣದಿಂದ ಬಿಯರ್ ತರುತ್ತಿದ್ದವನ ಪೀಪಾಯಿಯ ಬಿರಡೆಯೊಳಗೆ, ನೀರು ತಾಗದಂತೆ ಸುತ್ತಿದ ಪತ್ರಗಳು ಒಳಕ್ಕೂ ಹೊರಕ್ಕೂ ಸಾಗತೊಡಗಿದವು. ತಿಂಗಳುಗಟ್ಟಲೆ ಮೌನದಲ್ಲಿದ್ದ ಮೇರಿಗೆ ಇದು ದೇವರು ತೆರೆದ ದಾರಿಯಂತೆ ಕಂಡಿರಬೇಕು. ಆದರೆ ಗಿಫರ್ಡ್ ವಾಲ್ಸಿಂಗ್ಯಾಮನ ಮನುಷ್ಯ. ಬಿಯರ್ ತರುವವನು ಎರಡೂ ಕಡೆಯಿಂದ ಹಣ ಪಡೆಯುತ್ತಿದ್ದ. ಪೌಲೆಟ್ ತನ್ನ ಪತ್ರಗಳಲ್ಲಿ ಅವನನ್ನು ‘ಪ್ರಾಮಾಣಿಕ ಮನುಷ್ಯ’ ಎಂದೇ ಕರೆಯುತ್ತಿದ್ದ. ಪ್ರತಿಯೊಂದು ಪತ್ರವೂ ಮೊದಲು ಥಾಮಸ್ ಫೆಲಿಪ್ಸ್ ಎಂಬ ಲಿಪಿಭೇದಕನ ಕೈಗೆ ಹೋಗುತ್ತಿತ್ತು. ಅವನು ಪ್ರತಿ ಮಾಡಿಕೊಂಡ ಬಳಿಕ ಆರ್ಥರ್ ಗ್ರೆಗರಿ ಎಂಬ ಕುಶಲಿ ಅರಗಿನ ಮುದ್ರೆಯನ್ನು ಮೊದಲಿನಂತೆಯೇ ಮಾಡಿ ಕೊಡುತ್ತಿದ್ದ.

ಮೇರಿಯ ಈ ಲಿಪಿ ಅಷ್ಟೇನೂ ಬಲವಾದುದಲ್ಲ. ಅಕ್ಷರಗಳಿಗೆ 23 ಚಿಹ್ನೆಗಳು, ಕೆಲವು ಪದಗಳಿಗೆ ಬೇರೆ ಗುರುತುಗಳು, ನಾಲ್ಕು ಹುಸಿಚಿಹ್ನೆಗಳು ಇಷ್ಟೇ ಅದರ ಬಂಡವಾಳ. ಅಕ್ಷರಗಳ ಎಣಿಕೆಯಲ್ಲಿ ಪಳಗಿದ ಫೆಲಿಪ್ಸನಿಗೆ ಅದು ತೊಡಕಾಗಲಿಲ್ಲ. ಆದರೆ ನಿರ್ಣಾಯಕವಾದುದು ಈ ದೌರ್ಬಲ್ಯವೊಂದೇ ಅಲ್ಲ. ಆ ಲಿಪಿಯ ಮೇಲೆ ಅವಳಿಗಿದ್ದ ವಿಶ್ವಾಸ ಅದಕ್ಕಿಂತ ಅಪಾಯಕಾರಿಯಾಯಿತು. ಗೂಢಲಿಪಿ ಇಲ್ಲದಿದ್ದರೆ ಅವಳು ಬರೆಯಲು ಹೆದರುತ್ತಿದ್ದಳು, ಬರೆದರೂ ಮಾತನ್ನು ತೂಗಿ ಬರೆಯುತ್ತಿದ್ದಳು. 1586ರ ಜುಲೈ ತಿಂಗಳಿನಲ್ಲಿ ಆಂಥೊನಿ ಬ್ಯಾಬಿಂಗ್ಟನ್ ಎಂಬ ತರುಣನು ಎಲಿಜಬೆತ್‌ಳನ್ನು ಆರು ಮಂದಿಯಿಂದ ಕೊಲ್ಲಿಸಿ ಮೇರಿಯನ್ನು ಬಿಡಿಸುವ ಯೋಜನೆಯನ್ನು ಬರೆದು ಕಳುಹಿಸಿದ. ಜುಲೈ 17ರ ಉತ್ತರದಲ್ಲಿ ಮೇರಿಯು ಆ ಸಂಚಿನ ವಿವರಗಳನ್ನು ಚರ್ಚಿಸಿದಳು. ಬಿಡಿಸಿದ ಪ್ರತಿಯ ಮೇಲೆ ಫೆಲಿಪ್ಸನು ಒಂದು ಗಲ್ಲುಗಂಬದ ಚಿತ್ರವನ್ನು ಗೀಚಿದನೆಂಬುದು ಪ್ರಸಿದ್ಧ.

ವಾಲ್ಸಿಂಗ್ಯಾಮನಿಗೆ ಅಷ್ಟು ಸಾಲಲಿಲ್ಲ. ಆ ಆರು ಮಂದಿಯ ಹೆಸರೂ ಬೇಕಾಗಿತ್ತು. ಫೆಲಿಪ್ಸನು ಅದೇ ಲಿಪಿಯಲ್ಲಿ, ಮೇರಿಯ ಮಾತೆಂಬಂತೆ, ಆ ಹೆಸರುಗಳನ್ನು ಕೇಳುವ ಒಂದು ಹಿಂಬರಹವನ್ನು ಸೃಷ್ಟಿಸಿ ಪತ್ರಕ್ಕೆ ಸೇರಿಸಿದ. ಚಾಣಕ್ಯನ ಉಂಗುರ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೀಲಿ ದೊರೆತವನು ಓದುವುದಷ್ಟೇ ಅಲ್ಲ, ಕೀಲಿಯ ಒಡೆಯನ ದನಿಯಲ್ಲಿ ಮಾತನಾಡಲೂ ಬಲ್ಲ. ಸೆಪ್ಟೆಂಬರಿನಲ್ಲಿ ಬ್ಯಾಬಿಂಗ್ಟನ್ ಮತ್ತು ಅವನ ಸಂಗಡಿಗರಿಗೆ ಘೋರ ಮರಣದಂಡನೆಯಾಯಿತು. ಅಕ್ಟೋಬರಿನ ವಿಚಾರಣೆಯಲ್ಲಿ ಮೇರಿಯು ತನ್ನ ಕೈಬರಹದ ಮೂಲವನ್ನು ತೋರಿಸಿರೆಂದು ಕೇಳಿದಳು. ಗೂಢಲಿಪಿಯನ್ನು ಯಾರು ಬೇಕಾದರೂ ಕೃತಕವಾಗಿ ಬರೆಯಬಹುದೆಂದು ವಾದಿಸಿದಳು. ಆ ವಾದ ಫಲಿಸಲಿಲ್ಲ. 1587ರ ಫೆಬ್ರವರಿ 8ರಂದು ಫಾದರಿಂಗೇ ಕೋಟೆಯಲ್ಲಿ ಅವಳ ಶಿರಚ್ಛೇದವಾಯಿತು.

ಎನಿಗ್ಮಾ: ಯಂತ್ರವೂ ಮನುಷ್ಯನೂ

ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೇನೆ ಬಳಸಿದ ‘ಎನಿಗ್ಮಾ’ ಯಂತ್ರದ ಕಥೆಯೂ ಇದೇ ದಾರಿಯಲ್ಲಿ ನಡೆಯುತ್ತದೆ. ತಿರುಗುವ ಚಕ್ರಗಳೂ ತಂತಿಜೋಡಣೆಯ ಫಲಕವೂ ಸೇರಿ ಅದರ ಸಜ್ಜಿಕೆಗಳ ಸಂಖ್ಯೆ 1ರ ಮುಂದೆ 20 ಸೊನ್ನೆಗಳನ್ನಿಟ್ಟುದಕ್ಕಿಂತಲೂ ಹೆಚ್ಚಾಗುತ್ತಿತ್ತು. ಈ ಸಂಖ್ಯೆಯನ್ನು ನೋಡಿದ ಜರ್ಮನ್ ತಜ್ಞರು ಯಂತ್ರ ಅಭೇದ್ಯವೆಂದು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಬಿರುಕು ಬಿಟ್ಟದ್ದು ಮನುಷ್ಯನಲ್ಲಿ. ಬರ್ಲಿನ್ನಿನ ಗೂಢಲಿಪಿ ಕಚೇರಿಯಲ್ಲಿ ನೌಕರನಾಗಿದ್ದ ಹಾನ್ಸ್ ಥಿಲೊ ಸ್ಮಿಟ್ 1931ರಲ್ಲಿ ಯಂತ್ರದ ಬಳಕೆಯ ಕೈಪಿಡಿಗಳನ್ನು ಫ್ರೆಂಚ್ ಬೇಹುಗಾರರಿಗೆ ಹಣಕ್ಕಾಗಿ ಮಾರಿದ. ಅವು ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿಯ ಕೈಸೇರಿದವು. ಎರಡನೆಯ ಬಿರುಕು ವಿಧಾನದಲ್ಲಿತ್ತು. ತಂತಿಯಲ್ಲಿ ಅಕ್ಷರ ತಪ್ಪಬಾರದೆಂದು ಸಂದೇಶದ ಮೂರಕ್ಷರದ ಕೀಲಿಯನ್ನು ಎರಡು ಬಾರಿ ಬರೆದು ಗೂಢೀಕರಿಸಬೇಕೆಂಬ ನಿಯಮವಿತ್ತು. ಈ ಪುನರುಕ್ತಿಯನ್ನೇ ಹಿಡಿದು ರೆಯೆವ್‌ಸ್ಕಿಯು 1932ರ ಡಿಸೆಂಬರಿನಲ್ಲಿ, ಸೇನೆಯ ಯಂತ್ರವನ್ನು ಕಣ್ಣಾರೆ ಕಾಣದೆಯೇ, ಅದರ ಚಕ್ರಗಳ ಒಳತಂತಿಗಳ ವಿನ್ಯಾಸವನ್ನು ಸಮೀಕರಣಗಳಿಂದ ಕಂಡುಹಿಡಿದ. 1939ರ ಜುಲೈನಲ್ಲಿ, ಯುದ್ಧಕ್ಕೆ ಕೆಲವೇ ವಾರಗಳ ಮೊದಲು, ಪೋಲಿಷರು ಈ ಜ್ಞಾನವನ್ನು ಬ್ರಿಟಿಷರಿಗೂ ಫ್ರೆಂಚರಿಗೂ ಒಪ್ಪಿಸಿದರು.

ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮುಂತಾದವರು ನಿರ್ಮಿಸಿದ ಯಂತ್ರಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಯಂತ್ರಗಳಿಗೂ ಮೊದಲೊಂದು ಊಹೆ ಬೇಕಾಗಿತ್ತು: ಗೂಢಪಾಠದ ಈ ಭಾಗದಲ್ಲಿ ಮೂಲದ ಇಂತಹ ಪದವಿರಬಹುದು ಎಂಬ ಊಹೆ. ಅದನ್ನು ಒದಗಿಸಿದವರು ಜರ್ಮನ್ ಸಿಪಾಯಿಗಳೇ. ಹವಾಮಾನದ ವರದಿ ನಿತ್ಯವೂ ನಿಗದಿತ ಹೊತ್ತಿಗೆ, ನಿಗದಿತ ಪದಗಳಿಂದ ಬರುತ್ತಿತ್ತು. ಮೇಲಧಿಕಾರಿಗಳನ್ನು ಸಂಬೋಧಿಸುವ ಉದ್ದನೆಯ ಬಿರುದುಗಳು ಬದಲಾಗುತ್ತಿರಲಿಲ್ಲ. ಮನಸ್ಸಿಗೆ ಬಂದ ಅಕ್ಷರಗಳನ್ನು ಕೀಲಿಯಾಗಿ ಆರಿಸಬೇಕಾದಲ್ಲಿ ಕೆಲವರು ಪ್ರೇಯಸಿಯ ಹೆಸರನ್ನೋ ಕೀಲಿಮಣೆಯ ಅಕ್ಕಪಕ್ಕದ ಅಕ್ಷರಗಳನ್ನೋ ಹಾಕುತ್ತಿದ್ದರು. ಅಭ್ಯಾಸವೇ ಇಲ್ಲಿ ಹಿತ್ತಿಲ ಬಾಗಿಲಾಯಿತು.

1942ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರದ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ಚಕ್ರಗಳ ಯಂತ್ರಕ್ಕೆ ಬದಲಾದಾಗ ಬ್ಲೆಚ್ಲಿಗೆ ಸುಮಾರು ಹತ್ತು ತಿಂಗಳು ಕತ್ತಲೆ ಕವಿಯಿತು. ಆ ಕತ್ತಲೆ ಹರಿದದ್ದು ಇಬ್ಬರ ಬಲಿದಾನದಿಂದ. ಅಕ್ಟೋಬರ್ 30ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಘಾಸಿಗೊಂಡು ಮುಳುಗುತ್ತಿದ್ದ ಯು-559 ಎಂಬ ಜಲಾಂತರ್ಗಾಮಿಯೊಳಕ್ಕೆ ಬ್ರಿಟಿಷ್ ನೌಕಾದಳದ ಆಂಥೊನಿ ಫ್ಯಾಸನ್, ಕಾಲಿನ್ ಗ್ರೇಜಿಯರ್ ಇಳಿದರು. ಟಾಮಿ ಬ್ರೌನ್ ಎಂಬ ಹುಡುಗನ ಮೂಲಕ ಹವಾಮಾನ ಸಂಕೇತಗಳ ಪುಸ್ತಕವೂ ಸೇರಿದಂತೆ ಕಾಗದಗಳು ಮೇಲಕ್ಕೆ ಬಂದವು, ಅವರಿಬ್ಬರೂ ಬರಲಿಲ್ಲ. ಆ ಪುಸ್ತಕದ ನೆರವಿನಿಂದ ಡಿಸೆಂಬರಿನಲ್ಲಿ ಸಂದೇಶಗಳು ಮತ್ತೆ ಅರ್ಥವಾಗತೊಡಗಿದವು. ಗಣಿತದ ಗೆಲುವೆಂದು ಕೊಂಡಾಡಲ್ಪಡುವ ಈ ಅಧ್ಯಾಯದ ತಳದಲ್ಲಿ ನೀರಿನಲ್ಲಿ ಮುಳುಗಿಹೋದ ಎರಡು ಜೀವಗಳಿವೆ.

ಇನ್ನೂ ಗಮನಾರ್ಹವಾದುದು ಎದುರು ಪಕ್ಷದ ವರ್ತನೆ. ಜಲಾಂತರ್ಗಾಮಿ ದಳದ ಮುಖ್ಯಸ್ಥ ಡೋನಿಟ್ಸನಿಗೆ ಸಂದೇಶಗಳು ಸೋರುತ್ತಿರಬಹುದೆಂಬ ಅನುಮಾನ ಒಂದಕ್ಕಿಂತ ಹೆಚ್ಚು ಸಲ ಬಂದಿತ್ತು. ವಿಚಾರಣೆ ನಡೆಸಿದ ತಜ್ಞರು ಯಂತ್ರದ ಸಾಧ್ಯತೆಗಳ ಸಂಖ್ಯೆಯನ್ನೇ ಮುಂದಿಟ್ಟು ಭೇದನ ಅಸಾಧ್ಯವೆಂದು ತೀರ್ಮಾನಿಸುತ್ತಿದ್ದರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ಆಕ್ರಮಣ ಆ ಲೆಕ್ಕದ ಮೂಲಕವೇ ಬರಬೇಕೆಂದು ಎಣಿಸಿದ್ದು ತಪ್ಪಾಗಿತ್ತು.

ಪರಿಪೂರ್ಣ ಲಿಪಿಯ ಸೋಲು

ಸಿದ್ಧಾಂತದ ದೃಷ್ಟಿಯಿಂದ ಭೇದಿಸಲಾಗದ ಲಿಪಿಯೂ ಇದೆ. ಸಂದೇಶದಷ್ಟೇ ಉದ್ದವಾದ, ಯಾವ ಕ್ರಮವೂ ಇಲ್ಲದ ಅಂಕಿಗಳ ಹಾಳೆಯೊಂದನ್ನು ಒಮ್ಮೆ ಮಾತ್ರ ಬಳಸಿ ಸುಟ್ಟುಬಿಡುವ ವಿಧಾನವದು. ಅದು ಅಭೇದ್ಯವೆಂಬುದಕ್ಕೆ ಕ್ಲಾಡ್ ಶಾನನ್ 1949ರಲ್ಲಿ ಗಣಿತದ ಪ್ರಮಾಣವನ್ನೇ ಪ್ರಕಟಿಸಿದ. ಸೋವಿಯತ್ ಒಕ್ಕೂಟದ ದೂತಾವಾಸಗಳು ಬಳಸುತ್ತಿದ್ದುದು ಇದನ್ನೇ. ಆದರೆ ಯುದ್ಧದ ಒತ್ತಡದಲ್ಲಿ, 1942ರ ಸುಮಾರಿಗೆ, ಅಂಕಿಹಾಳೆಗಳನ್ನು ತಯಾರಿಸುತ್ತಿದ್ದವರು ಕೆಲವು ಪುಟಗಳನ್ನು ಎರಡೆರಡು ಪ್ರತಿ ಮಾಡಿ ಬೇರೆ ಬೇರೆ ಕಡೆಗೆ ಕಳುಹಿಸಿದರು. 1943ರಲ್ಲಿ ಅಮೆರಿಕದ ಸೇನೆ ಆರಂಭಿಸಿದ, ಮುಂದೆ ‘ವೆನೋನಾ’ ಎಂಬ ಹೆಸರು ಪಡೆದ ಯೋಜನೆಯ ವಿದ್ವಾಂಸರು ಈ ಪುನರುಕ್ತಿಯನ್ನು ಪತ್ತೆಹಚ್ಚಿದರು. ಹಲವು ಭಾಷೆಗಳನ್ನು ಬಲ್ಲ ಮೆರೆಡಿತ್ ಗಾರ್ಡ್‌ನರ್ ಅಂಕಿಗಳ ಹಿಂದಿದ್ದ ಸಂಕೇತಕೋಶವನ್ನು ಪದಪದವಾಗಿ ಕಟ್ಟಿದ. ದಶಕಗಳ ದುಡಿಮೆಯಿಂದ ಸುಮಾರು 3,000 ಸಂದೇಶಗಳು ಪೂರ್ಣವಾಗಿಯೋ ಭಾಗಶಃವೋ ತೆರೆದುಕೊಂಡವು. ಅಣುಬಾಂಬಿನ ಗುಟ್ಟನ್ನು ದಾಟಿಸಿದ ಕ್ಲಾಸ್ ಫುಕ್ಸ್ 1950ರಲ್ಲಿ ಬಂಧಿತನಾದದ್ದು ಇದರ ಫಲ. ಪರಿಪೂರ್ಣವಾದ ಲಿಪಿಯನ್ನು ಸೋಲಿಸಿದ್ದು ಎರಡು ಬಾರಿ ಅಚ್ಚಾದ ಹಾಳೆ.

ಇದಕ್ಕಿಂತ ಸರಳವಾದ ಉಪಾಯವೂ ಉಂಟು: ಬೀಗವನ್ನು ತಾನೇ ತಯಾರಿಸಿ ಮಾರುವುದು. ಸ್ವಿಟ್ಜರ್ಲೆಂಡಿನ ‘ಕ್ರಿಪ್ಟೊ ಎಜಿ’ ಎಂಬ ಸಂಸ್ಥೆ ನೂರಕ್ಕೂ ಹೆಚ್ಚು ದೇಶಗಳಿಗೆ ಗೂಢಲಿಪಿ ಯಂತ್ರಗಳನ್ನು ಮಾರುತ್ತಿತ್ತು. 1970ರಿಂದ ಅದರ ಗುಪ್ತ ಒಡೆತನ ಅಮೆರಿಕದ ಸಿಐಎ ಮತ್ತು ಪಶ್ಚಿಮ ಜರ್ಮನಿಯ ಬೇಹುಗಾರಿಕೆ ಸಂಸ್ಥೆಗಳದಾಗಿತ್ತೆಂದೂ, ಯಂತ್ರಗಳ ಲಿಪಿಯನ್ನು ಬೇಕೆಂದೇ ದುರ್ಬಲಗೊಳಿಸಲಾಗಿತ್ತೆಂದೂ 2020ರ ಫೆಬ್ರವರಿಯಲ್ಲಿ ಪತ್ರಿಕೆಗಳು ಬಯಲುಮಾಡಿದವು. ಗ್ರಾಹಕರ ಪಟ್ಟಿಯಲ್ಲಿ ಭಾರತವೂ ಪಾಕಿಸ್ತಾನವೂ ಇದ್ದವು. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಗಣಕದ ಯುಗ

ಗಣಕ ಬಂದ ಮೇಲೆ ಸಾಧನ ಬದಲಾಯಿತೇ ಹೊರತು ನೀತಿ ಬದಲಾಗಲಿಲ್ಲ. ಗೂಢೀಕರಿಸಿದ ದತ್ತಾಂಶವನ್ನು ಬಳಸುವ ಹೊತ್ತಿನಲ್ಲಿ ಅದರ ಕೀಲಿ ಯಂತ್ರದ ಸ್ಮೃತಿಯಲ್ಲಿ ಇರಲೇಬೇಕು. ವಿದ್ಯುತ್ತು ಹೋದೊಡನೆ ಸ್ಮೃತಿ ಅಳಿಯುತ್ತದೆಂಬುದು ಸಾಮಾನ್ಯ ನಂಬಿಕೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದು ಕೆಲವು ಕ್ಷಣಗಳ ಕಾಲ ಉಳಿಯುತ್ತದೆಂದೂ, ಸ್ಮೃತಿಯ ಬಿಲ್ಲೆಯನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆಂದೂ, ಅದರಿಂದ ಕೀಲಿಯನ್ನು ಹೆಕ್ಕಬಹುದೆಂದೂ ತೋರಿಸಿದರು. 2014ರಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ಎಂಬ ದೋಷವೂ ಲಿಪಿಯಲ್ಲಿರಲಿಲ್ಲ. ಲಿಪಿಯನ್ನು ಕಾರ್ಯಗತಗೊಳಿಸುವ ತಂತ್ರಾಂಶವು ಕೇಳಿದವನ ಮಾತನ್ನು ಪರೀಕ್ಷಿಸದೆ, ಕೇಳಿದಷ್ಟು ಸ್ಮೃತಿಯನ್ನು ಹೊರಕ್ಕೆ ಕೊಟ್ಟುಬಿಡುತ್ತಿತ್ತು.

2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ‘ಸಿಲ್ಕ್ ರೋಡ್’ ಎಂಬ ನಿಷಿದ್ಧ ಅಂತರ್ಜಾಲ ಮಾರುಕಟ್ಟೆಯ ನಿರ್ವಾಹಕ ರಾಸ್ ಉಲ್ಬ್ರಿಕ್ಟನ ಬಂಧನವಾಯಿತು. ಅವನ ಲ್ಯಾಪ್‌ಟಾಪಿನ ದತ್ತಾಂಶವೆಲ್ಲ ಗೂಢೀಕೃತವಾಗಿತ್ತು. ಮುಚ್ಚಳ ಮುಚ್ಚಿದ್ದರೆ ಎಲ್ಲವೂ ಬೀಗದೊಳಗೆ ಸೇರುತ್ತಿತ್ತು. ಪೊಲೀಸರು ಹಿಂದೆ ನಿಂತು ಗಂಡಹೆಂಡಿರ ಜಗಳವನ್ನು ನಟಿಸಿದರು. ಅವನು ತಿರುಗಿ ನೋಡಿದ ಕ್ಷಣದಲ್ಲಿ ತೆರೆದಿದ್ದ ಯಂತ್ರವನ್ನು ಮತ್ತೊಬ್ಬರು ಕಸಿದುಕೊಂಡರು. ಯಮಪಟದ ವೇಷಧಾರಿಗೂ ಈ ನಟರಿಗೂ ಇರುವ ಅಂತರ ಕಾಲದ್ದು ಮಾತ್ರ.

ವಾಟ್ಸಾಪ್ 2016ರಲ್ಲಿ ಎಲ್ಲ ಸಂದೇಶಗಳನ್ನು ಕಳುಹಿಸುವವನಿಂದ ಪಡೆಯುವವನವರೆಗೆ ಗೂಢೀಕರಿಸತೊಡಗಿತು. ನಡುದಾರಿಯಲ್ಲಿ ಕದಿಯುವವನಿಗೆ ಅದು ನಿರರ್ಥಕ ಅಂಕಿಗಳ ರಾಶಿ. ಆದುದರಿಂದ ಇಸ್ರೇಲಿನ ‘ಪೆಗಾಸಸ್’ ಎಂಬ ಗೂಢಚರ್ಯೆಯ ತಂತ್ರಾಂಶ ನಡುದಾರಿಯನ್ನು ಬಿಟ್ಟು ದೂರವಾಣಿಯೊಳಗೇ ಹೊಕ್ಕಿತು. ಅಲ್ಲಿ ಸಂದೇಶ ಓದುವವನ ಕಣ್ಣಿಗೆ ಹೇಗೆ ಕಾಣುತ್ತದೆಯೋ ಹಾಗೆಯೇ ಆಕ್ರಮಣಕಾರನಿಗೂ ಕಾಣುತ್ತದೆ. 2019ರಲ್ಲಿ ಸುಮಾರು 1,400 ದೂರವಾಣಿಗಳು ಈ ದಾಳಿಗೆ ಗುರಿಯಾದವೆಂದು ವಾಟ್ಸಾಪ್ ತಿಳಿಸಿತು. ಅವುಗಳಲ್ಲಿ ಭಾರತದ ಪತ್ರಕರ್ತರ, ಮಾನವಹಕ್ಕುಗಳ ಕಾರ್ಯಕರ್ತರ ದೂರವಾಣಿಗಳೂ ಇದ್ದವು. ಕ್ಯಾಸ್ಟೆಲ್ನೋನ ಮನೆಯೊಳಗಿನ ಗೂಢಚಾರನ ಸ್ಥಾನದಲ್ಲಿ ಈಗ ಒಂದು ತಂತ್ರಾಂಶ ಕುಳಿತಿದೆ. ದೂರವಾಣಿಯಲ್ಲಿ ನಯವಾಗಿ ಮಾತನಾಡಿ ಒಟಿಪಿ ಅಂಕಿಗಳನ್ನು ಕೇಳಿ ಪಡೆಯುವ ವಂಚಕನಂತೂ ಬ್ಯಾಂಕಿನ ಗೂಢಲಿಪಿಯ ತಂಟೆಗೇ ಹೋಗುವುದಿಲ್ಲ. ಕೀಲಿಯನ್ನು ಅದರ ಒಡೆಯನೇ ಅವನ ಕೈಗೆ ಇಡುತ್ತಾನೆ.

ಹಾಗೆಂದು ಗೂಢಲಿಪಿ ವ್ಯರ್ಥವೆನ್ನಲಾಗದು. ಲಿಪಿ ಬಲಗೊಂಡಷ್ಟೂ ಆಕ್ರಮಣಕಾರನು ಸುತ್ತುದಾರಿ ಹಿಡಿಯಬೇಕಾಗುತ್ತದೆ. ಎಲ್ಲರ ಪತ್ರವನ್ನೂ ಸುಲಭವಾಗಿ ಓದುವುದು ಅವನಿಗೆ ತಪ್ಪುತ್ತದೆ, ಒಬ್ಬೊಬ್ಬರನ್ನೇ ಬೆನ್ನಟ್ಟಬೇಕಾಗುತ್ತದೆ. ಆದರೆ ಲಿಪಿ ಕಾಯುವುದು ದಾರಿಯನ್ನು ಮಾತ್ರ. ದಾರಿಯ ಎರಡು ತುದಿಗಳಲ್ಲಿರುವ ಮನುಷ್ಯರನ್ನು, ಅವರ ಅವಸರವನ್ನು, ಅಭ್ಯಾಸವನ್ನು, ನಂಬಿಕೆಯನ್ನು ಅದು ಕಾಯಲಾರದು.

ಚರಿತ್ರೆಯ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಮೇರಿಯು ಬ್ಯಾಬಿಂಗ್ಟನ್‌ಗೆ ಕಳುಹಿಸಿದ ಮೂಲಪತ್ರ ಇಂದು ಉಳಿದಿಲ್ಲ. ಓದಿದೊಡನೆ ಸುಡಬೇಕೆಂಬುದು ಅವಳ ಸೂಚನೆಯಾಗಿತ್ತು. ಉಳಿದಿರುವುದು ಶತ್ರು ಮಾಡಿಕೊಂಡ ಪ್ರತಿ, ಮತ್ತು ಅವಳು ಎಂದೂ ಬರೆಯದ ಆ ಹಿಂಬರಹದ ಗೂಢಪಾಠ. ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದಕನು ಪ್ರತಿಯನ್ನು ಯಾರು, ಯಾವ ಉದ್ದೇಶದಿಂದ ಮಾಡಿದರೆಂದು ಮೊದಲು ಕೇಳುತ್ತಾನೆ. ರಹಸ್ಯವೆಂದು ನಂಬಿ ಬರೆದ ಪತ್ರಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಅಗತ್ಯವಾಗುತ್ತದೆ. ಏಕೆಂದರೆ ಅವುಗಳಲ್ಲಿ ಅನೇಕ ನಮ್ಮವರೆಗೆ ಬಂದಿರುವುದೇ ಹಿತ್ತಿಲ ಬಾಗಿಲಿನಿಂದ.